ಬಿಎನ್‌ಪಿ ರಿಪೋರ್ಟಿಗೂ ರೋಗಿಗೂ ತಾಳೆ ಆಗದಿದ್ದಾಗ: ದೋಷ ಎಲ್ಲಿದೆ ಅಂತ ಹುಡುಕೋದು ಹೇಗೆ

ಉಸಿರಿಗೆ ಒದ್ದಾಡುತ್ತಿರುವವರ ಬಿಎನ್‌ಪಿ (ಹೃದಯ ಸುರಿಸುವ ಒಂದು ಹಾರ್ಮೋನಿನ ರಕ್ತಪರೀಕ್ಷೆ) 60 ಅಂತ ಬರುತ್ತದೆ. ಆರಾಮಾಗಿ ನಡೆದುಕೊಂಡು ಬಂದ ಅಜ್ಜನ ಎನ್‌ಟಿ-ಪ್ರೊಬಿಎನ್‌ಪಿ (ಅದರ ಜೊತೆಯೇ ಹುಟ್ಟುವ ಇನ್ನೊಂದು ತುಂಡಿನ ಪರೀಕ್ಷೆ, ಚಿಕ್ಕದಾಗಿ ಎನ್‌ಟಿ) 2,400 ಅಂತ ಬರುತ್ತದೆ. ಕಾಲಿನ ಊತ ಇಳಿದು, ತೂಕವೂ ಇಳಿದು, ರಾತ್ರಿ ನೆಟ್ಟಗೆ ನಿದ್ದೆ ಮಾಡುತ್ತಿರುವವರ ನಂಬರ್ ಮಾತ್ರ ಹೋದ ತಿಂಗಳಿಗಿಂತ ಮೇಲಕ್ಕೆ ಹೋಗಿರುತ್ತದೆ. ಹೃದಯದ ಹಾರ್ಮೋನ್ ಪರೀಕ್ಷೆ ಮಾಡಿಸುವ ಕಡೆಯಲ್ಲೆಲ್ಲ ಈ ಮೂರು ದೂರು ಇದ್ದೇ ಇವೆ. ಆಗ ಕೆಲವರು ನಂಬರನ್ನೇ ನಂಬಿ ರೋಗಿಯನ್ನು ಮನೆಗೆ ಕಳಿಸಿಬಿಡುತ್ತಾರೆ, ಇನ್ನು ಕೆಲವರು "ಲ್ಯಾಬ್‌ನವರದೇ ಎಡವಟ್ಟು" ಅಂತ ರಿಪೋರ್ಟನ್ನು ಫೈಲಿನ ಕೊನೆಗೆ ಸೇರಿಸಿ ಮರೆತುಬಿಡುತ್ತಾರೆ. ಎರಡಕ್ಕೂ ಮುಂಚೆ ನೋಡಬೇಕಾದ ಕೆಲವು ಜಾಗಗಳಿವೆ. ಅವನ್ನು ಒಂದು ಕ್ರಮದಲ್ಲಿ ನೋಡಿದರೆ ಸಾಮಾನ್ಯವಾಗಿ ಕಾರಣ ಸಿಕ್ಕೇ ಸಿಗುತ್ತದೆ.

ಇದನ್ನು ಹೊಸದಾಗಿ ವಾರ್ಡ್ ಡ್ಯೂಟಿಗೆ ಬಂದ ಡಾಕ್ಟರುಗಳನ್ನು, ಲ್ಯಾಬಿನಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಪ್ಪನದೋ ಅಮ್ಮನದೋ ರಿಪೋರ್ಟ್ ಹಿಡಿದುಕೊಂಡು ಮೊಬೈಲಿನಲ್ಲಿ ಹುಡುಕುತ್ತಾ ಕೂತವರಿಗೂ ಬಹುಪಾಲು ಅರ್ಥ ಆಗುತ್ತದೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡ್ತೀನಿ. ರೋಗಿಗೆ ಕೂತಲ್ಲೇ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಎದೆ ನೋವು, ತಲೆ ಸುತ್ತಿ ಬೀಳುವುದು, ಇದರಲ್ಲಿ ಯಾವುದಾದರೂ ಇದ್ದರೆ ರಿಪೋರ್ಟ್ ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಈ ನಂಬರ್ ಎಲ್ಲಿಂದ ಬರುತ್ತದೆ

ಹೃದಯ ಪಂಪ್ ಅಂತ ಎಲ್ಲರಿಗೂ ಗೊತ್ತು. ಅದು ಹಾರ್ಮೋನ್ ಸುರಿಸುವ ಗ್ರಂಥಿಯೂ ಹೌದು ಅನ್ನೋದು ಡಾಕ್ಟರುಗಳಿಗೇ ತಡವಾಗಿ ಗೊತ್ತಾಯಿತು. 1950ರ ದಶಕದಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹೃದಯದ ಮೇಲಿನ ಕೋಣೆಗಳ ಸ್ನಾಯುಕೋಶದೊಳಗೆ ಸಣ್ಣ ಸಣ್ಣ ಕಾಳುಗಳು ಕಂಡಿದ್ದವು. ಥೇಟ್ ಹಾರ್ಮೋನ್ ತಯಾರಿಸುವ ಗ್ರಂಥಿಗಳಲ್ಲಿ ಇರುವಂಥವೇ. ಅವು ಅಲ್ಲಿ ಏನು ಮಾಡುತ್ತಿವೆ ಅಂತ ಮಾತ್ರ ಬಹಳ ವರ್ಷ ಯಾರಿಗೂ ಗೊತ್ತಾಗಲಿಲ್ಲ. 1981ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಅಡಾಲ್ಫೋ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃದಯದ ಮೇಲಿನ ಕೋಣೆಯ ಸ್ನಾಯುವನ್ನು ಅರೆದು, ಆ ಸಾರವನ್ನು ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿ ನೋಡಿದರು. ನೋಡನೋಡುತ್ತಿದ್ದಂತೆ ಆ ಇಲಿಗಳ ಮೂತ್ರದಲ್ಲಿ ಸೋಡಿಯಂ 30 ಪಟ್ಟಿಗೂ ಜಾಸ್ತಿ ಆಯಿತು, ಮೂತ್ರ 10 ಪಟ್ಟು ಹೆಚ್ಚಿತು. ಕೆಳಗಿನ ಕೋಣೆಯ ಸಾರ ಚುಚ್ಚಿದ ಇಲಿಗಳಲ್ಲಿ ಹಾಗೇನೂ ಆಗಲಿಲ್ಲ. ಮೇಲಿನ ಕೋಣೆಯಲ್ಲಿ ಇದ್ದ ಆ ವಸ್ತುವೇ ಎಎನ್‌ಪಿ, 28 ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಇದರ ತಮ್ಮನನ್ನು ಕಂಡುಹಿಡಿದರು. ಅದೇ ಬಿಎನ್‌ಪಿ (ಬ್ರೈನ್ ನೇಟ್ರಿಯುರೆಟಿಕ್ ಪೆಪ್ಟೈಡ್), 32 ಅಮೈನೋ ಆಮ್ಲ. ಸಿಕ್ಕಿದ್ದು ಮಿದುಳಿನಲ್ಲಾದರೂ ನಮ್ಮ ರಕ್ತದಲ್ಲಿ ಓಡಾಡುವ ಬಿಎನ್‌ಪಿ ಬರುವುದು ಹೃದಯದಿಂದ, ಅದರಲ್ಲೂ ಕೆಳಗಿನ ಕೋಣೆಗಳಿಂದ. ರಿಪೋರ್ಟಿನಲ್ಲಿ "ಬ್ರೈನ್" ಅಂತ ಕಂಡು ಗಾಬರಿಯಾಗಿ ನರರೋಗ ತಜ್ಞರ ಹತ್ತಿರ ಓಡಬೇಕಿಲ್ಲ.

ಕೆಲಸ ಎರಡರದೂ ಒಂದೇ. ಹೃದಯದ ಗೋಡೆ ಜಗ್ಗಿದಾಗ ಇವು ಹೊರಬರುತ್ತವೆ. ಕಿಡ್ನಿಗೆ ಉಪ್ಪು ನೀರು ಹೊರಹಾಕಲು ಹೇಳುತ್ತವೆ, ರಕ್ತನಾಳ ಸಡಿಲಿಸುತ್ತವೆ, ಉಪ್ಪು ಹಿಡಿದಿಡುವ ರೆನಿನ್ ಮತ್ತು ಆಲ್ಡೋಸ್ಟೆರಾನ್ ಹಾರ್ಮೋನ್‌ಗಳನ್ನು ತಗ್ಗಿಸುತ್ತವೆ. ಕೆರೆ ತುಂಬಿದರೆ ಕೋಡಿ ಬೀಳುತ್ತದಲ್ಲ, ಹಾಗೆ. ಕೋಡಿ ಬಿದ್ದಿದೆ ಅಂದರೆ ಕೆರೆ ತುಂಬಿದೆ ಅಂತ ಗೊತ್ತಾಗುತ್ತದೆ. ಯಾವ ಹಳ್ಳದ ನೀರು ಬಂತು, ಏರಿ ಗಟ್ಟಿ ಇದೆಯಾ ಅಂತ ಕೋಡಿ ನೋಡಿದರೆ ಗೊತ್ತಾಗೋದಿಲ್ಲ. ಬಿಎನ್‌ಪಿ ಹೇಳುವುದೂ ಇಷ್ಟೇ: ಹೃದಯದ ಗೋಡೆ ಜಗ್ಗುತ್ತಿದೆ. ಯಾಕೆ ಅಂತ ಹುಡುಕುವುದು ನಮ್ಮ ಕೆಲಸ. ತಾಳೆಯಾಗದ ರಿಪೋರ್ಟುಗಳಲ್ಲಿ ಅರ್ಧಕ್ಕರ್ಧ ಗೊಂದಲ, ಈ ನಂಬರನ್ನು "ಹಾರ್ಟ್ ಫೇಲ್ಯೂರ್ (ಹೃದಯ ಸೋಲುವುದು) ಇದೆ, ಇಲ್ಲ" ಅನ್ನುವ ಉತ್ತರ ಅಂದುಕೊಂಡಿದ್ದರಿಂದಲೇ ಹುಟ್ಟುತ್ತದೆ.

ಇಲ್ಲಿ ಎರಡು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಒಂದು, ಎಎನ್‌ಪಿ ಆ ಕಾಳುಗಳಲ್ಲಿ ಮೊದಲೇ ತಯಾರಾಗಿ ಕೂತಿರುತ್ತದೆ, ಗೋಡೆ ಜಗ್ಗಿದ ತಕ್ಷಣ ಹೊರಬರುತ್ತದೆ. ಬಿಎನ್‌ಪಿಯ ದಾಸ್ತಾನು ಕಡಿಮೆ. ಗೋಡೆ ಜಗ್ಗಿದ ಮೇಲೆ ಜೀನ್ ಚುರುಕಾಗಿ ಹೊಸದಾಗಿ ತಯಾರಾಗಬೇಕು, ಅದಕ್ಕೆ ಸಮಯ ಬೇಕು. ಎರಡು, ಮೊದಲು ತಯಾರಾಗುವುದು 108 ಕೊಂಡಿಯ ಪ್ರೊಬಿಎನ್‌ಪಿ. ಅದು ಕತ್ತರಿಸಿ ಎರಡು ತುಂಡಾಗುತ್ತದೆ. 32 ಕೊಂಡಿಯ ತುಂಡು ಕೆಲಸ ಮಾಡುವ ಬಿಎನ್‌ಪಿ, 76 ಕೊಂಡಿಯ ತುಂಡು ಕೆಲಸ ಏನೂ ಮಾಡದ ಎನ್‌ಟಿ-ಪ್ರೊಬಿಎನ್‌ಪಿ. ಬಿಎನ್‌ಪಿ ರಕ್ತದಲ್ಲಿ ಸುಮಾರು 20 ನಿಮಿಷಕ್ಕೆ ಅರ್ಧ ಆಗುತ್ತದೆ. ಎನ್‌ಟಿ ಅರ್ಧ ಆಗಲು ಒಂದರಿಂದ ಎರಡು ಗಂಟೆ ಬೇಕು. ಹಾಗಾಗಿ ಎನ್‌ಟಿಯ ನಂಬರ್ ಯಾವಾಗಲೂ ದೊಡ್ಡದು.

"ಹಾರ್ಮೋನ್ ಅಷ್ಟೊಂದು ಇದ್ದರೆ ನೀರು ತಾನಾಗೇ ಹೋಗಬೇಕಿತ್ತಲ್ವಾ, ಕಾಲು ಯಾಕೆ ಊದಿದೆ?" ಅಂತ ಬುದ್ಧಿವಂತ ರೋಗಿಗಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹೃದಯ ಸೋತವರ ರಕ್ತದಲ್ಲಿ ಟೆಸ್ಟ್ ಹಿಡಿಯುವ ಬಿಎನ್‌ಪಿಯಲ್ಲಿ ಒಂದು ಪಾಲು ಸರಿಯಾಗಿ ಕತ್ತರಿಸದ ಪ್ರೊಬಿಎನ್‌ಪಿಯೇ ಆಗಿರುತ್ತದೆ, ಅದರ ಕಸುವು ಕಡಿಮೆ. ಜೊತೆಗೆ ಕಿಡ್ನಿ ಈ ಹಾರ್ಮೋನಿನ ಮಾತಿಗೆ ಮೊದಲಿನಷ್ಟು ಕಿವಿ ಕೊಡುವುದಿಲ್ಲ, ಉಪ್ಪು ಹಿಡಿದಿಡುವ ಹಾರ್ಮೋನ್‌ಗಳ ಕೈ ಮೇಲಾಗಿರುತ್ತದೆ.

ಮೊದಲು ಕಾಗದ ನೋಡಿ

ರೋಗಿಯನ್ನು ಅನುಮಾನಿಸುವ ಮೊದಲು ರಿಪೋರ್ಟಿನ ಆ ಒಂದು ಸಾಲನ್ನು ಬೆರಳಿಟ್ಟು ಓದಿ. ಪರೀಕ್ಷೆಯ ಹೆಸರು ಏನಿದೆ? ಬಿಎನ್‌ಪಿಯಾ, ಎನ್‌ಟಿ-ಪ್ರೊಬಿಎನ್‌ಪಿಯಾ? ವಾರ್ಡಿನಲ್ಲಿ ಎಲ್ಲರೂ ಎರಡಕ್ಕೂ "ಬಿಎನ್‌ಪಿ ಕಳಿಸಿ" ಅಂತಲೇ ಹೇಳುತ್ತಾರೆ. ಹೋದ ಸಲ ಒಂದು ಕಡೆ ಬಿಎನ್‌ಪಿ 380, ಈ ಸಲ ಇನ್ನೊಂದು ಕಡೆ ಎನ್‌ಟಿ 1,900. ಐದು ಪಟ್ಟು ಏರಿದೆ ಅಂತ ಮನೆಯವರು ಅಳುತ್ತಾ ಬರುತ್ತಾರೆ. ಏನೂ ಏರಿರಲಿಕ್ಕಿಲ್ಲ, ಎರಡೂ ಬೇರೆ ಬೇರೆ ಟೆಸ್ಟ್. ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹಾಕಿ ಬದಲಾಯಿಸುವ ನಂಬಿಕಸ್ಥ ಸೂತ್ರವೂ ಇಲ್ಲ.

ಹೆಸರು ಆದ ಮೇಲೆ ಅಳತೆ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಎಷ್ಟು ಪಿಕೋಗ್ರಾಂ ಅಂತ ಕೊಡುತ್ತಾರೆ. ಲೀಟರಿಗೆ ನ್ಯಾನೋಗ್ರಾಂ ಅಂತ ಇದ್ದರೂ ಅದೇ ಅಂಕಿ, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಮಕ್ಕಳ ಮನೆಗೆ ಅಂತ ಹೊರದೇಶಕ್ಕೆ ಹೋಗಿ ಬಂದವರ ಫೈಲಿನಲ್ಲಿ ಕೆಲವು ಸಲ ಲೀಟರಿಗೆ ಪಿಕೋಮೋಲ್ ಅಂತ ಇರುತ್ತದೆ. ಎನ್‌ಟಿ-ಪ್ರೊಬಿಎನ್‌ಪಿಯ 1 ಪಿಕೋಮೋಲ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 8.5. ಬಿಎನ್‌ಪಿಯಾದರೆ ಸುಮಾರು 3.5. ಅಲ್ಲಿ 100 ಅಂತ ಇದ್ದ ಎನ್‌ಟಿ ಇಲ್ಲಿಗೆ ಬಂದು 850 ಆದರೆ, ಅದು ಏರಿಕೆ ಅಲ್ಲವೇ ಅಲ್ಲ.

ಆಮೇಲೆ ಗಡಿ. ರಿಪೋರ್ಟಿನ ಪಕ್ಕದಲ್ಲಿ ಛಾಪಿಸಿದ ಒಂದೇ ಒಂದು "ನಾರ್ಮಲ್" ಅಂಕಿಯಿಂದ ಆಗುವ ಅನಾಹುತ ಅಷ್ಟಿಷ್ಟಲ್ಲ. ತುರ್ತು ಚಿಕಿತ್ಸೆಗೆ ಏದುಸಿರಿನಿಂದ ಬಂದವರಲ್ಲಿ ಬಿಎನ್‌ಪಿ 100ಕ್ಕಿಂತ ಕೆಳಗೆ, ಎನ್‌ಟಿ 300ಕ್ಕಿಂತ ಕೆಳಗೆ ಇದ್ದರೆ ಹಾರ್ಟ್ ಫೇಲ್ಯೂರ್ ಸಂಭವ ಕಡಿಮೆ. ಆದರೆ ಒಪಿಡಿಗೆ ನಿಧಾನಕ್ಕೆ ಬಂದವರಿಗೆ ಗಡಿ ಇನ್ನೂ ಕೆಳಗೆ: ಬಿಎನ್‌ಪಿ 35, ಎನ್‌ಟಿ 125. "ಹೌದು, ಹಾರ್ಟ್ ಫೇಲ್ಯೂರೇ ಇರಬೇಕು" ಅನ್ನಲು ತುರ್ತಿನಲ್ಲಿ ಎನ್‌ಟಿಗೆ ವಯಸ್ಸಿನ ಪ್ರಕಾರ ಮೂರು ಗಡಿ ಇವೆ. 50ರ ಒಳಗಿನವರಿಗೆ 450, 50ರಿಂದ 75ರವರಿಗೆ 900, ಅದರ ಮೇಲಿನವರಿಗೆ 1,800. ಹೊರಗಿಡುವ ಗಡಿಗೂ ಒಳಗೆ ಸೇರಿಸುವ ಗಡಿಗೂ ಮಧ್ಯೆ ಒಂದು ಬೂದು ಬಣ್ಣದ ಪಟ್ಟಿ ಇದೆ. ಅಲ್ಲಿ ಬಿದ್ದ ನಂಬರ್ ತಾನಾಗಿ ಏನೂ ತೀರ್ಮಾನ ಮಾಡುವುದಿಲ್ಲ.

100 ಅನ್ನುವ ಅಂಕಿ ಜನಪ್ರಿಯ ಆಗಿದ್ದು 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ. ಉಸಿರಾಟದ ತೊಂದರೆಯಿಂದ ತುರ್ತು ವಿಭಾಗಕ್ಕೆ ಬಂದ 1,586 ಜನರನ್ನು ಅದರಲ್ಲಿ ನೋಡಿದ್ದರು. 100ರ ಗಡಿ ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯಿತು. ಅಂದರೆ ಉಳಿದ 10 ಜನ ಅಷ್ಟು ಅಚ್ಚುಕಟ್ಟಾಗಿ ನಡೆದ ಅಧ್ಯಯನದಲ್ಲೂ ಕೈತಪ್ಪಿದ್ದರು. ಇದನ್ನು ಯಾರೂ ಹೇಳೋದಿಲ್ಲ.

ಟ್ಯೂಬ್ ಮತ್ತು ದಾರಿ

ನಂಬರ್ ಅನುಮಾನಾಸ್ಪದವಾಗಿ ಕಡಿಮೆ ಇದ್ದು, ಟೆಸ್ಟ್ ಬಿಎನ್‌ಪಿ ಆಗಿದ್ದರೆ, ಮೊದಲ ಫೋನ್ ಲ್ಯಾಬಿಗೆ ಮಾಡಿ. ಮುಚ್ಚಳದ ಬಣ್ಣ ಕೇಳಿ. ಬಿಎನ್‌ಪಿಗೆ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬೇ ಬೇಕು, ಅದೂ ಪ್ಲಾಸ್ಟಿಕ್. ಗಾಜಿನ ಟ್ಯೂಬಿನಲ್ಲಿ ರಕ್ತದ ಕೆಲವು ಕಿಣ್ವಗಳು ಎಚ್ಚೆತ್ತು ಬಿಎನ್‌ಪಿಯನ್ನು ಕಡಿದುಹಾಕುತ್ತವೆ. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ಬಿಟ್ಟ ಸೀರಂನಲ್ಲಿ ಮಾಡಿದರೆ ನಂಬರ್ ಸುಳ್ಳೇ ಕಡಿಮೆ ಬರಬಹುದು. ಎರಡನೆಯ ಪ್ರಶ್ನೆ, ರಕ್ತ ತೆಗೆದಿದ್ದು ಎಷ್ಟು ಹೊತ್ತಿಗೆ, ಮಷೀನಿಗೆ ಹಾಕಿದ್ದು ಎಷ್ಟು ಹೊತ್ತಿಗೆ? ಸಾಮಾನ್ಯ ತಾಪಮಾನದಲ್ಲಿ ಬಿಎನ್‌ಪಿಯನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು ಅನ್ನೋದು ವಾಡಿಕೆ.

ನಮ್ಮ ತಾಲ್ಲೂಕುಗಳಲ್ಲಿ ಏನಾಗುತ್ತದೆ ನೋಡಿ. ಬೆಳಿಗ್ಗೆ ಎಂಟಕ್ಕೆ ಕಲೆಕ್ಷನ್ ಸೆಂಟರ್‌ನಲ್ಲಿ ರಕ್ತ ತೆಗೆಯುತ್ತಾರೆ. ಹುಡುಗ ಮಧ್ಯಾಹ್ನ ಬಂದು ಎಲ್ಲ ಟ್ಯೂಬು ಒಟ್ಟು ಮಾಡಿಕೊಂಡು ಹೋಗುತ್ತಾನೆ, ಸಂಜೆ ಬಸ್ಸಿಗೆ ಹಾಕುತ್ತಾನೆ, ರಾತ್ರಿ ಊರಾಚೆಯ ದೊಡ್ಡ ಲ್ಯಾಬಿಗೆ ತಲುಪುತ್ತದೆ. ಐಸ್ ಪ್ಯಾಕ್ ಅಷ್ಟೊತ್ತಿಗೆ ಕರಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರು ಕಲಬುರಗಿ ಕಡೆಯ ಬಿಸಿಲಿಗೆ ಆ ಡಬ್ಬಿಯೊಳಗೆ ಬಿಎನ್‌ಪಿ ಎಷ್ಟು ಉಳಿದಿರಬಹುದು ಅಂತ ನೀವೇ ಯೋಚಿಸಿ. ಇಂಥ ಕಡೆ ಎನ್‌ಟಿ-ಪ್ರೊಬಿಎನ್‌ಪಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಅದು ಗಟ್ಟಿ ಪಿಂಡ. ಸೀರಂನಲ್ಲೂ ಮಾಡಬಹುದು, ಬೇರ್ಪಡಿಸಿ ಇಟ್ಟರೆ ಮೂರು ದಿನದ ತನಕ ಹೆಚ್ಚು ಕೆಡುವುದಿಲ್ಲ. ಸಂಗ್ರಹದ ಸಮಯ ರಿಪೋರ್ಟಿನಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಸಂಗ್ರಹದ ಸಮಯವೂ ರಿಪೋರ್ಟಿನ ಸಮಯವೂ ಒಂದೇ ನಿಮಿಷ ತೋರಿಸಿದರೆ ಯಾರೋ ಸುಮ್ನೆ ತುಂಬಿದ್ದಾರೆ ಅಂತಲೇ ಅರ್ಥ.

ನಂಬರ್ ಕಡಿಮೆ, ರೋಗಿ ಮಾತ್ರ ಏದುಸಿರು ಬಿಡುತ್ತಿದ್ದಾರೆ

ಟ್ಯೂಬು, ಸಮಯ, ಹೆಸರು ಎಲ್ಲ ಸರಿ ಇದೆ ಅಂತಿಟ್ಟುಕೊಳ್ಳಿ. ಈಗ ಎದುರಿಗಿರುವವರನ್ನು ನೋಡಿ.

ನನ್ನ ಪ್ರಕಾರ ಅತಿ ಹೆಚ್ಚು ಜನ ಎಡವುವುದು ದಪ್ಪ ಇರುವವರ ವಿಷಯದಲ್ಲಿ. ಒಂದು ಮಾದರಿ ಕೇಸ್ ಹೇಳ್ತೀನಿ. 58 ವರ್ಷದ ಹೆಂಗಸು, ತೂಕ 96 ಕೆಜಿ, ಬಿಪಿ ಶುಗರ್ ಎರಡೂ ಇವೆ. ಮಹಡಿ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಲ್ಲುತ್ತಾರೆ. ರಾತ್ರಿ ಎರಡು ದಿಂಬು ಬೇಕು. ಬಿಎನ್‌ಪಿ 68. ಮಗ ಕೇಳುತ್ತಾನೆ, "ಡಾಕ್ಟ್ರೇ, ರಿಪೋರ್ಟ್ ನಾರ್ಮಲ್ ಅಂತ ಇದೆ, ಅಮ್ಮನಿಗೆ ಗ್ಯಾಸ್ಟ್ರಿಕ್ಕೇ ಇರಬೇಕಲ್ವಾ?" ಇಂಥ ಕಡೆ ಒಂದು ನಿಮಿಷ ನಿಲ್ಲಿ. ಬೊಜ್ಜು ಇರುವವರಲ್ಲಿ ಹೃದಯ ಈ ಹಾರ್ಮೋನನ್ನು ಕಡಿಮೆ ಸುರಿಸುತ್ತದೆ. ಕೊಬ್ಬಿನ ಕೋಶಗಳ ಮೇಲೆ ಬಿಎನ್‌ಪಿಯನ್ನು ನುಂಗಿಹಾಕುವ ಗ್ರಾಹಕಗಳೂ ಜಾಸ್ತಿ. ಎನ್‌ಟಿಯನ್ನು ಆ ಗ್ರಾಹಕ ನುಂಗುವುದಿಲ್ಲ, ಆದರೂ ದಪ್ಪಗಿರುವವರಲ್ಲಿ ಎನ್‌ಟಿ ಕೂಡ ಕಡಿಮೆಯೇ ಬರುತ್ತದೆ. ಅಂದರೆ ತಯಾರಿಯೇ ಕಡಿಮೆ ಅಂತಾಯಿತು. ಅದಕ್ಕೇ ತೀರಾ ಬೊಜ್ಜು ಇರುವವರಿಗೆ ಬಿಎನ್‌ಪಿ ಗಡಿಯನ್ನು ಅರ್ಧಕ್ಕೆ, ಅಂದರೆ 50ಕ್ಕೆ ಇಳಿಸಿ ನೋಡುತ್ತಾರೆ. ಆ ಲೆಕ್ಕದಲ್ಲಿ ಈ ಅಮ್ಮನ 68 ನಾರ್ಮಲ್ ಅಲ್ಲ.

ಹಾಗಾದರೆ ಮುಂದೇನು? ಮಂಚದ ತಲೆಭಾಗವನ್ನು ಅರ್ಧ ಎತ್ತಿ ಮಲಗಿಸಿ, ಮುಖ ಸ್ವಲ್ಪ ಎಡಕ್ಕೆ ತಿರುಗಿಸಿ, ಕತ್ತಿನ ಬಲಭಾಗಕ್ಕೆ ಓರೆಯಾಗಿ ಟಾರ್ಚ್ ಬಿಡಿ. ಉಬ್ಬಿದ ನಾಳ ದವಡೆಯ ಕಡೆಗೆ ಎಷ್ಟು ಎತ್ತರ ಹೋಗುತ್ತಿದೆ ನೋಡಿ. ಕತ್ತು ಗಿಡ್ಡ ಇದ್ದು ಕೊಬ್ಬು ಇದ್ದರೆ ಕಾಣಿಸುವುದು ಕಷ್ಟ. ಆಗ ಹೊಟ್ಟೆಯ ಬಲಭಾಗವನ್ನು ಅಂಗೈಯಿಂದ ಮೆಲ್ಲಗೆ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ನಾಳ ಮೇಲೆದ್ದು ನಿಲ್ಲುವುದು ಕಾಣಬಹುದು. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಉಳಿಯುತ್ತದಾ? ಇಷ್ಟು ನೋಡಿ, ಎಕೋ (ಹೃದಯದ ಸ್ಕ್ಯಾನ್) ಬರೆಯಿರಿ. ಇಂಥವರ ಎಕೋದಲ್ಲಿ ಪಂಪಿಂಗ್ 60 ಪರ್ಸೆಂಟ್ ಇರಬಹುದು, "ಪಂಪಿಂಗ್ ಚೆನ್ನಾಗಿದೆ" ಅಂತ ಖುಷಿಪಡಬೇಡಿ. ಎಡ ಮೇಲಿನ ಕೋಣೆ ಹಿಗ್ಗಿದೆಯಾ, ಗೋಡೆ ದಪ್ಪ ಆಗಿದೆಯಾ, ಹೃದಯ ಸಡಿಲಗೊಳ್ಳುವಾಗ ಗಡುಸಾಗಿದೆಯಾ ಅಂತ ಕೇಳಿ. ಹಿಂಡುವ ಶಕ್ತಿ ಇದ್ದೂ ಸಡಿಲಗೊಳ್ಳಲು ಬಾರದ ಹೃದಯವೂ ಸೋತ ಹೃದಯವೇ. ಬೊಜ್ಜು, ಬಿಪಿ, ಶುಗರ್ ಮೂರೂ ಇರುವವರಲ್ಲಿ ಇದು ಹೆಚ್ಚು, ಹಾರ್ಮೋನ್ ನಂಬರ್ ತಣ್ಣಗಿರುವುದೂ ಇವರಲ್ಲೇ ಹೆಚ್ಚು.

ಎರಡನೆಯದು, ತೀರಾ ಹೊಸ ಏದುಸಿರು. ಬಿಪಿ ಏಕಾಏಕಿ ಮೇಲೇರಿ ಶ್ವಾಸಕೋಶಕ್ಕೆ ನೀರು ತುಂಬಿ ಅರ್ಧ ಗಂಟೆಯೊಳಗೆ ಆಸ್ಪತ್ರೆಗೆ ಬಂದವರ ಬಿಎನ್‌ಪಿ ಕಡಿಮೆ ಇರಬಹುದು. ಆಗಲೇ ಹೇಳಿದೆನಲ್ಲ, ಅದು ಹೊಸದಾಗಿ ತಯಾರಾಗಬೇಕು. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿದರೆ ಏರಿರುತ್ತದೆ. ಚಿಕಿತ್ಸೆಯನ್ನು ಮಾತ್ರ ಆ ತನಕ ಕಾಯಿಸಬೇಡಿ.

ಮೂರನೆಯದು ನಮ್ಮ ದೇಶದಲ್ಲಿ ಮರೆಯಲೇಬಾರದ ಎರಡು ಕಾಯಿಲೆ. ಒಂದು, ಚಿಕ್ಕಂದಿನ ಗಂಟಲುಬೇನೆಯ ಹಿಂದೆ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿರುವುದು. ಇಲ್ಲಿ ತಡೆ ಇರುವುದು ಎಡ ಕೆಳಗಿನ ಕೋಣೆಗಿಂತ ಮೇಲೆ. ಶ್ವಾಸಕೋಶದಲ್ಲಿ ನೀರು ನಿಂತಿರುತ್ತದೆ, ಆದರೆ ಬಿಎನ್‌ಪಿಯ ದೊಡ್ಡ ಕಾರ್ಖಾನೆಯಾದ ಆ ಕೋಣೆ ಜಗ್ಗಿರುವುದೇ ಇಲ್ಲ. ನಂಬರ್ ಏರಿದರೂ ರೋಗಿಯ ಸ್ಥಿತಿಗೆ ಹೋಲಿಸಿದರೆ ಕಡಿಮೆ ಅನ್ನಿಸುತ್ತದೆ. ಇನ್ನೊಂದು, ಟಿಬಿಯಿಂದ ಹೃದಯದ ಹೊರಚೀಲ ಗಟ್ಟಿಯಾಗಿ ಹೃದಯವನ್ನು ಅಮುಕಿ ಹಿಡಿದಿರುವುದು. ಹೊಟ್ಟೆ ತುಂಬ ನೀರು, ಕಾಲು ಊತ, ಕತ್ತಿನ ನಾಳ ಉಬ್ಬಿದೆ, ಬಿಎನ್‌ಪಿ ಮಾತ್ರ ಸಾಧಾರಣ. ಗೋಡೆಗೆ ಜಗ್ಗಲು ಜಾಗವೇ ಇಲ್ಲದಿದ್ದರೆ ಹಾರ್ಮೋನ್ ಎಲ್ಲಿಂದ ಬರಬೇಕು? ಇಂಥವರನ್ನು ಲಿವರ್ ರೋಗಿ ಅಂತ ತಿಂಗಳುಗಟ್ಟಲೆ ಓಡಾಡಿಸಿರುತ್ತಾರೆ. ಲಿವರ್ ಕಾಯಿಲೆಯೇ ಮುಖ್ಯ ಆಗಿದ್ದರೆ ಕತ್ತಿನ ನಾಳ ಅಷ್ಟು ಉಬ್ಬಿರುವುದಿಲ್ಲ, ಅದೇ ಸುಳಿವು.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದಾರಾ ಅಂತಲೂ ಕೇಳಿ. ನಗಬೇಡಿ. ಕೆಲವು ಕಿಟ್‌ಗಳು ಬಯೋಟಿನ್-ಸ್ಟ್ರೆಪ್ಟಾವಿಡಿನ್ ಅನ್ನುವ, ಒಂದಕ್ಕೊಂದು ಗಟ್ಟಿಯಾಗಿ ಅಂಟುವ ಜೋಡಿಯ ಮೇಲೆ ಕೆಲಸ ಮಾಡುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ನಂಬರ್ ಸುಳ್ಳೇ ಕೆಳಗೆ ಬರುತ್ತದೆ. ಸಾಮಾನ್ಯ ಮಲ್ಟಿವಿಟಮಿನ್‌ನಲ್ಲಿ ಇರುವ ಚೂರುಪಾರು ಲೆಕ್ಕಕ್ಕಿಲ್ಲ, ಕೂದಲಿಗೆ ಅಂತ ಕೊಡುವ 5, 10 ಮಿಲಿಗ್ರಾಂನ ಮಾತ್ರೆ ಬೇರೆ ಕಥೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಬಯೋಟಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಈಗ ಹೊಸ ಕಿಟ್‌ಗಳು ಸುಧಾರಿಸಿವೆ. ಅನುಮಾನ ಇದ್ದರೆ ಎರಡು ದಿನ ಮಾತ್ರೆ ಬಿಟ್ಟು ಮತ್ತೆ ಮಾಡಿಸಿ.

ನಂಬರ್ ಜಾಸ್ತಿ, ರೋಗಿ ಆರಾಮು

ವಯಸ್ಸು ಮೊದಲ ಕಾರಣ. ಎಂಬತ್ತರ ಅಜ್ಜನಿಗೆ ಎನ್‌ಟಿ ನಾಲ್ಕೈದು ನೂರು ಇದ್ದ ಮಾತ್ರಕ್ಕೆ ನೀರಿನ ಮಾತ್ರೆ ಬರೆಯಬೇಡಿ. ಹೆಂಗಸರಲ್ಲೂ ಗಂಡಸರಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಎರಡನೆಯದು ಕಿಡ್ನಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡದೆ ಎನ್‌ಟಿ-ಪ್ರೊಬಿಎನ್‌ಪಿ ಓದಲೇಬೇಡಿ. ಕಿಡ್ನಿ ಸೋತಾಗ ಎರಡೂ ಏರುತ್ತವೆ, ಎನ್‌ಟಿ ಇನ್ನೂ ಜಾಸ್ತಿ ಏರುತ್ತದೆ. ಕಿಡ್ನಿಯ ಸೋಸುವಿಕೆ (ರಿಪೋರ್ಟಿನಲ್ಲಿ ಇಜಿಎಫ್‌ಆರ್) 60ಕ್ಕಿಂತ ಕೆಳಗೆ ಇಳಿದವರಿಗೆ ತುರ್ತಿನಲ್ಲಿ ಬಿಎನ್‌ಪಿಗೆ 200, ಎನ್‌ಟಿಗೆ 1,200ರ ಗಡಿ ಬಳಸುವ ರೂಢಿ ಇದೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಎನ್‌ಟಿ ಸಾವಿರಗಟ್ಟಲೆ ಇರುವುದು ಮಾಮೂಲು. ಅವರಿಗೆ ಯಾವ ಗಡಿಯೂ ಸರಿಯಾಗಿ ಹೊಂದುವುದಿಲ್ಲ, ಅವರದೇ ಹಳೆಯ ನಂಬರ್ ಜೊತೆ ಹೋಲಿಸಬೇಕು. ಹಾಗಂತ "ಕಿಡ್ನಿಯಿಂದ ಸುಳ್ಳೇ ಏರಿದೆ" ಅಂತ ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಕಿಡ್ನಿ ಸೋತವರ ಹೃದಯವೂ ಬಹುಮಟ್ಟಿಗೆ ದಣಿದೇ ಇರುತ್ತದೆ.

ಮೂರನೆಯದು ನಾಡಿ. ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ತಾಳ ತಪ್ಪಿದ್ದರೆ ಇಸಿಜಿ ತೆಗೆಸಿ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತಾಳ ತಪ್ಪಿದ ಬಡಿತ ಇದ್ದರೆ ಮೇಲಿನ ಕೋಣೆಗಳು ನಡುಗುತ್ತಾ ಜಗ್ಗುತ್ತಲೇ ಇರುತ್ತವೆ, ನಂಬರ್ ಏರಿಯೇ ಏರುತ್ತದೆ. ಹಾರ್ಟ್ ಫೇಲ್ಯೂರ್ ಔಷಧಗಳ ದೊಡ್ಡ ಪ್ರಯೋಗಗಳಲ್ಲಿ ಫಿಬ್ರಿಲೇಷನ್ ಇರುವವರನ್ನು ಸೇರಿಸಿಕೊಳ್ಳಲು ಹೆಚ್ಚಿನ ಗಡಿ ಇಟ್ಟಿದ್ದೂ ಇದಕ್ಕೇ. ಎಷ್ಟೋ ಸಲ ಈ ಜಾಸ್ತಿ ನಂಬರಿನ ನೆಪದಲ್ಲಿ ಫಿಬ್ರಿಲೇಷನ್ ಪತ್ತೆಯಾಗಿ, ಪಾರ್ಶ್ವವಾಯು ತಡೆಯುವ ಮಾತ್ರೆ ಶುರುವಾಗುತ್ತದೆ. ಅದೇ ಲಾಭ.

ಆಮೇಲೆ ಬಲಭಾಗ. ಜಗ್ಗುವುದು ಎಡಭಾಗವೇ ಆಗಬೇಕಿಲ್ಲ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ, ಎಂದೂ ಬೀಡಿ ಮುಟ್ಟದ ಅಜ್ಜಿಯರಿಗೂ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಬರುತ್ತದೆ. ಶ್ವಾಸಕೋಶದ ನಾಳಗಳ ಒತ್ತಡ ಏರಿ ಹೃದಯದ ಬಲಭಾಗ ಜಗ್ಗುತ್ತದೆ, ಬಿಎನ್‌ಪಿ ಏರುತ್ತದೆ. ಆಪರೇಷನ್ ಆಗಿ ಮಲಗಿದ್ದವರಿಗೆ, ಕಾಲಿನ ಒಂದು ಮೀನಖಂಡ ಮಾತ್ರ ಊದಿದವರಿಗೆ ಏಕಾಏಕಿ ಏದುಸಿರು ಬಂದು ನಂಬರ್ ಏರಿದ್ದರೆ ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯಾ ಅಂತ ಅದೇ ದಿನ ನೋಡಬೇಕು. ಇಲ್ಲಿ "ಹಾರ್ಟ್ ಫೇಲ್ಯೂರ್" ಅಂತ ನೀರು ಇಳಿಸುತ್ತಾ ಕೂತರೆ ಜೀವಕ್ಕೇ ಕುತ್ತು.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ: ರಕ್ತಕ್ಕೆ ಸೋಂಕು ಹರಡಿದಾಗ, ತೀವ್ರ ರಕ್ತಹೀನತೆ, ಥೈರಾಯ್ಡ್ ಜಾಸ್ತಿಯಾದಾಗ, ಮಿದುಳಿನ ರಕ್ತಸ್ರಾವ, ದೊಡ್ಡ ಸುಟ್ಟಗಾಯ, ಹೃದಯಾಘಾತ, ಗರ್ಭಿಣಿಯರಲ್ಲಿ ಬಿಪಿ ಏರಿದಾಗ. ಹುಟ್ಟಿದ ಮೊದಲ ಕೆಲವು ದಿನ ಮಗುವಿನ ನಂಬರ್ ತುಂಬಾ ಜಾಸ್ತಿ ಇರುತ್ತದೆ, ಅದಕ್ಕೆ ದೊಡ್ಡವರ ಗಡಿ ಹಚ್ಚಬೇಡಿ. ಹೆರಿಗೆಯಾದ ಬಾಣಂತಿಗೆ ಏದುಸಿರು ಇದ್ದು ನಂಬರ್ ಏರಿದ್ದರೆ "ಸುಸ್ತು, ರಕ್ತ ಕಡಿಮೆ" ಅಂತ ಬಿಡಬೇಡಿ. ಹೆರಿಗೆಯ ಆಸುಪಾಸಿನಲ್ಲೇ ಹೃದಯದ ಸ್ನಾಯು ಸೋಲುವ ಕಾಯಿಲೆ ಒಂದಿದೆ. ಅದೇ ದಿನ ಎಕೋ ಆಗಲಿ.

ಚಿಕಿತ್ಸೆ ಶುರುವಾದ ಮೇಲೆ ನಂಬರ್ ಏರಿತು

ಮಾತ್ರೆಯ ಚೀಟಿ ನೋಡಿ. ಸಾಕುಬಿಟ್ರಿಲ್-ವಾಲ್ಸಾರ್ಟಾನ್ ಅನ್ನುವ ಹಾರ್ಟ್ ಫೇಲ್ಯೂರ್ ಮಾತ್ರೆ ಇದೆಯಾ? ಬಿಎನ್‌ಪಿಯನ್ನು ಕಡಿದುಹಾಕುವ ನೆಪ್ರಿಲೈಸಿನ್ ಅನ್ನುವ ಕಿಣ್ವವನ್ನು ಸಾಕುಬಿಟ್ರಿಲ್ ತಡೆಯುತ್ತದೆ. ಒಳ್ಳೆಯ ಹಾರ್ಮೋನ್ ಇನ್ನಷ್ಟು ಹೊತ್ತು ಉಳಿಯಲಿ ಅನ್ನೋದೇ ಉಪಾಯ. ಹಾಗಾಗಿ ರೋಗಿ ಸುಧಾರಿಸುತ್ತಿದ್ದರೂ ಬಿಎನ್‌ಪಿ ಏರಬಹುದು. ಎನ್‌ಟಿ ಆ ಕಿಣ್ವದ ತುತ್ತಲ್ಲ, ಅದು ಹೃದಯದ ನಿಜವಾದ ಜಗ್ಗಾಟವನ್ನೇ ತೋರಿಸುತ್ತಾ ಇಳಿಯುತ್ತದೆ. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಪ್ಯಾರಡೈಮ್-ಎಚ್‌ಎಫ್ ಪ್ರಯೋಗ 2014ರಲ್ಲಿ ಪ್ರಕಟವಾಯಿತು, ಅದರಲ್ಲೂ ಹೀಗೇ ಕಂಡಿತ್ತು. ಈ ಮಾತ್ರೆ ತಗೊಳ್ಳುತ್ತಿರುವವರಿಗೆ ಎನ್‌ಟಿಯನ್ನೇ ಮಾಡಿಸಿ. ನಂಬರ್ ಏರಿತು ಅಂತ ಮನೆಯಲ್ಲೇ ಮಾತ್ರೆ ನಿಲ್ಲಿಸಿಬಿಡುವವರಿದ್ದಾರೆ, ಆ ಕೆಲಸ ಮಾತ್ರ ಬೇಡ. ಮನೆಯಲ್ಲಿ ಹಳೆಯ ಎನಾಲಾಪ್ರಿಲ್, ರಾಮಿಪ್ರಿಲ್‌ನಂಥ ಬಿಪಿ, ಹೃದಯದ ಮಾತ್ರೆ ಉಳಿದಿದ್ದರೆ ಅದನ್ನು ಇದರ ಜೊತೆ ನುಂಗುವುದೂ ಬೇಡ. ಎರಡರ ಮಧ್ಯೆ 36 ಗಂಟೆ ಅಂತರ ಕಡ್ಡಾಯ, ಇಲ್ಲದಿದ್ದರೆ ಮುಖ, ಗಂಟಲು ಊದಿಕೊಂಡು ಉಸಿರು ಕಟ್ಟುವ ಅಪಾಯ ಇದೆ.

ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಹೊಸದಾಗಿ ಶುರು ಮಾಡಿದಾಗಲೂ ಕೆಲವರಲ್ಲಿ ನಂಬರ್ ಸ್ವಲ್ಪ ಕಾಲ ಏರಿ ಆಮೇಲೆ ಇಳಿಯುತ್ತದೆ.

ಔಷಧ ಏನೂ ಬದಲಾಗಿಲ್ಲ, ನಂಬರ್ ಮಾತ್ರ 900ರಿಂದ 1,050 ಆಗಿದೆ ಅಂತಿಟ್ಟುಕೊಳ್ಳಿ. ಅದು ಏರಿಕೆಯೇ ಅಲ್ಲ. ಒಬ್ಬರದೇ ನಂಬರ್ ದಿನದಿಂದ ದಿನಕ್ಕೆ ಇಷ್ಟು ಆಚೀಚೆ ಆಗುತ್ತದೆ. ಎನ್‌ಟಿ 30 ಪರ್ಸೆಂಟಿಗಿಂತ ಜಾಸ್ತಿ ಬದಲಾದರೆ ಗಮನ ಕೊಡಿ, ಬಿಎನ್‌ಪಿಗೆ ಇನ್ನೂ ಹೆಚ್ಚು ಬೇಕು. ಆಸ್ಪತ್ರೆಗೆ ಸೇರಿದ ದಿನಕ್ಕೂ ಬಿಡುಗಡೆಯ ದಿನಕ್ಕೂ 30 ಪರ್ಸೆಂಟ್ ಇಳಿದಿದ್ದರೆ ಒಳ್ಳೆಯ ಲಕ್ಷಣ. ಇಳಿಯದಿದ್ದರೆ ಮನೆಗೆ ಕಳಿಸುವ ಮುಂಚೆ ಇನ್ನೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಡಿ. ಬಿಎನ್‌ಪಿ ಕಿಟ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ನಂಬರ್ ಕೊಡುತ್ತವೆ. ಹಾಗಾಗಿ ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.

ನಂಬರನ್ನೇ ಗುರಿ ಮಾಡಿಕೊಂಡು ಮಾತ್ರೆ ಏರಿಸುತ್ತಾ ಹೋಗುವ ಚಟವೂ ಬೇಡ. 2017ರಲ್ಲಿ ಪ್ರಕಟವಾದ ಗೈಡ್-ಇಟ್ ಪ್ರಯೋಗದಲ್ಲಿ ಎನ್‌ಟಿಯನ್ನು 1,000ದ ಕೆಳಗೆ ತರುವುದೇ ಗುರಿ ಅಂತ ಇಟ್ಟುಕೊಂಡು ಒಂದು ಗುಂಪಿಗೆ, ಮಾಮೂಲಿ ರೀತಿಯಲ್ಲಿ ಇನ್ನೊಂದು ಗುಂಪಿಗೆ ಚಿಕಿತ್ಸೆ ಕೊಟ್ಟರು. ಒಟ್ಟು 894 ರೋಗಿಗಳು. ನಂಬರ್ ಹಿಂದೆ ಬಿದ್ದ ಗುಂಪಿಗೆ ಹೆಚ್ಚಿನ ಪ್ರಯೋಜನ ಏನೂ ಕಾಣಲಿಲ್ಲ.

ಎಲ್ಲ ನೋಡಿಯೂ ಅರ್ಥ ಆಗದಿದ್ದರೆ

ಎಕೋ ಚೆನ್ನಾಗಿದೆ, ಕಿಡ್ನಿ ಸರಿ ಇದೆ, ನಾಡಿ ತಾಳಬದ್ಧ, ಶ್ವಾಸಕೋಶ ಸ್ವಚ್ಛ, ಆದರೂ ನಂಬರ್ ಸಾವಿರಗಟ್ಟಲೆ ಅಂತ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಆಗ ಲ್ಯಾಬಿನ ಜೊತೆ ಜಗಳ ಬೇಡ, ಸಹಾಯ ಕೇಳಿ. ಕೆಲವರ ರಕ್ತದಲ್ಲಿ ಇರುವ ಆಂಟಿಬಾಡಿಗಳು ಕಿಟ್‌ನ ಆಂಟಿಬಾಡಿಗಳಿಗೇ ಅಂಟಿಕೊಂಡು ಇಲ್ಲದ ಹಾರ್ಮೋನನ್ನು ಇದೆ ಅಂತ ತೋರಿಸುತ್ತವೆ. ಪತ್ತೆ ಹಚ್ಚುವುದು ಕಷ್ಟ ಏನಲ್ಲ. ಸ್ಯಾಂಪಲ್ಲನ್ನು ಎರಡು ಪಟ್ಟು, ನಾಲ್ಕು ಪಟ್ಟು ತೆಳು ಮಾಡಿ ಮತ್ತೆ ಮಷೀನಿಗೆ ಹಾಕಲು ಹೇಳಿ. ನಿಜವಾದ ಹಾರ್ಮೋನ್ ಆದರೆ 4,000 ಇದ್ದದ್ದು ಸರಿಸುಮಾರು 2,000, ಆಮೇಲೆ 1,000 ಆಗಬೇಕು. 4,000 ಇದ್ದದ್ದು 3,600 ಅಥವಾ ಏಕಾಏಕಿ 300 ಅಂತ ಬಂದರೆ ಏನೋ ಅಡ್ಡ ಬರುತ್ತಿದೆ. ಬೇರೆ ಕಂಪನಿಯ ಮಷೀನಿನಲ್ಲಿ ಮಾಡಿಸಿ ನೋಡಬಹುದು. ಬಿಎನ್‌ಪಿ, ಎನ್‌ಟಿ ಎರಡನ್ನೂ ಒಂದೇ ರಕ್ತದಲ್ಲಿ ಮಾಡಿಸಿದರೂ ಸುಳಿವು ಸಿಗುತ್ತದೆ. ಒಂದು ಆಕಾಶದಲ್ಲಿ, ಇನ್ನೊಂದು ನೆಲದಲ್ಲಿ ಇದ್ದರೆ ತಕರಾರು ಟೆಸ್ಟಿನದು.

ಮುಂದಿನ ಸಲ ಈ ಟೆಸ್ಟ್ ಕಳಿಸುವಾಗ ಚೀಟಿಯ ಮೇಲೆ ನಾಲ್ಕು ಪದ ಜಾಸ್ತಿ ಬರೆಯಿರಿ: ಬಿಎನ್‌ಪಿಯೋ ಎನ್‌ಟಿಯೋ, ರಕ್ತ ತೆಗೆದ ಸಮಯ, ರೋಗಿಯ ತೂಕ, ಕ್ರಿಯಾಟಿನಿನ್, ನಾಡಿ ತಾಳದಲ್ಲಿದೆಯೋ ಇಲ್ಲವೋ, ಸಾಕುಬಿಟ್ರಿಲ್ ಅಥವಾ ಬಯೋಟಿನ್ ನಡೆಯುತ್ತಿದೆಯೋ, ಹೋದ ಸಲದ ನಂಬರ್ ಎಷ್ಟು. ನಾಲ್ಕು ಅಂತ ಹೇಳಿ ಏಳು ಆಯಿತು, ಇರಲಿ. ಮನೆಯವರೂ ಅಷ್ಟೇ, ಹಳೆಯ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ವಾರಕ್ಕೊಂದು ಸಲ ಸುಮ್ನೆ ಸಮಾಧಾನಕ್ಕೆ ಅಂತ ಇದನ್ನು ಮಾಡಿಸಬೇಡಿ, ಅಗ್ಗದ ಟೆಸ್ಟ್ ಅಲ್ಲ. ಅದರ ಬದಲು ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಅದೇ ತೂಕದ ಮಷೀನಿನ ಮೇಲೆ ನಿಂತು ತೂಕ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ದರೆ ನಂಬರಿಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.